ಆರು ನಲವತ್ತೊಂದರ ಗೋಡಂಬಿ

ಸೆಪ್ಟೆಂಬರ್ ನಾಲ್ಕು, ಗುರುವಾರ ಸಂಜೆ ವಿಜಯರಾಜ ಅರಿಗರು ಬಿ.ಸಿ. ರೋಡಿನ ‘ನೇತ್ರಾ ಬಜಾರ್’ ಎಂಬ ಸೂಪರ್ ಮಾರ್ಕೆಟ್ಟಿನಲ್ಲಿ ಇನ್ನೂರು ಗ್ರಾಂ ಹುರಿದ ಗೋಡಂಬಿ ಕದ್ದರು. ಬೆಲೆ ಇನ್ನೂರ ನಲವತ್ತು ರೂಪಾಯಿ. ಕದ್ದ ಸೊತ್ತನ್ನು ಪೊಲೀಸರು ವಶಪಡಿಸಿಕೊಳ್ಳಲು ಆಗಲಿಲ್ಲ, ಏಕೆಂದರೆ ಅದು ಆಗಲೇ ಅವರ ಹೊಟ್ಟೆಯಲ್ಲಿತ್ತು. ಸಿಕ್ಕಿದ್ದು ಖಾಲಿ ಪ್ಯಾಕೆಟ್ ಮಾತ್ರ. ಅದನ್ನು ಅವರು ನಾಲ್ಕು ಮಡಿಕೆ ಮಾಡಿ ಪ್ಯಾಂಟಿನ ಎಡಜೇಬಿನಲ್ಲಿ ಇಟ್ಟುಕೊಂಡಿದ್ದರು. ಕಸವನ್ನು ಕಂಡಲ್ಲಿ ಬಿಸಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅರಿಗರಿಗೆ ಅರವತ್ತೆಂಟು ವರ್ಷ. ಮಡಂತ್ಯಾರು ಪೇಟೆಯಿಂದ ಎರಡು ಕಿಲೋಮೀಟರ್ ಒಳಗೆ ಮನೆ. ಮೂವತ್ತೊಂದು ವರ್ಷ ಸರಕಾರಿ ಬಸ್ ನಿಲ್ದಾಣಗಳಲ್ಲಿ ಸಂಚಾರ ನಿಯಂತ್ರಕರಾಗಿದ್ದರು. ಅಂದರೆ ಯಾವ ಬಸ್ಸು ಎಷ್ಟು ಗಂಟೆಗೆ ಹೊರಡಬೇಕೆಂದು ಬರೆದಿಟ್ಟು, ಹೊರಡದಿದ್ದರೆ ಸೀಟಿ ಊದುವ ಕೆಲಸ. ನಿವೃತ್ತರಾದ ಮೇಲೆ ಬಸ್ಸು ಕೈತಪ್ಪಿತು, ಸೂರ್ಯನನ್ನು ಹಿಡಿದುಕೊಂಡರು.

ಊರಿನ ಬಸದಿಗೆ ಇಪ್ಪತ್ತಮೂರು ಜೈನ ಮನೆಗಳು ನಡೆದುಕೊಳ್ಳುತ್ತವೆ. ಅರಿಗರು ಅದರ ಆಡಳಿತ ನೋಡಿಕೊಳ್ಳುವ ಮೊಕ್ತೇಸರರು. ವರ್ಷದ ಮುನ್ನೂರ ಅರವತ್ತೈದು ದಿನವೂ ಬೆಳಿಗ್ಗೆ ಆರಕ್ಕೆ ಬಸದಿಯ ವಾಟ್ಸ್ಆಪ್ ಗುಂಪಿನಲ್ಲಿ ಅವರದೊಂದು ಸಂದೇಶ ಬೀಳುತ್ತಿತ್ತು. ಸೆಪ್ಟೆಂಬರ್ ನಾಲ್ಕರ ಸಂದೇಶ ಹೀಗಿತ್ತು: ‘ದಶಲಕ್ಷಣ ಪರ್ವದ ಎಂಟನೇ ದಿನ, ಉತ್ತಮ ತ್ಯಾಗ. ಇಂದು ಸೂರ್ಯಾಸ್ತ 6.39. ಎಲ್ಲರೂ 6.20ರ ಒಳಗೆ ಊಟ ಮುಗಿಸತಕ್ಕದ್ದು.’ ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನಬಾರದೆಂಬುದು ಜೈನರ ನಿಯಮ. ಈ ಕಾಲದಲ್ಲಿ ಅದನ್ನು ಪಾಲಿಸುವವರು ಎಷ್ಟು ಜನ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಅರಿಗರ ಲೆಕ್ಕದಲ್ಲಿ ಇಪ್ಪತ್ತಮೂರು ಮನೆಗಳೂ ಪಾಲಿಸುತ್ತಿದ್ದವು, ಪರ್ವದ ಹತ್ತು ದಿನವಂತೂ ಕಟ್ಟುನಿಟ್ಟಾಗಿ.

ಈ ಕಟ್ಟುನಿಟ್ಟಿನ ಬಿಸಿ ಹೆಚ್ಚು ತಟ್ಟಿದ್ದು ಅವರ ಚಿಕ್ಕಪ್ಪನ ಮಗ ಜಯೇಶನಿಗೆ. ಜಯೇಶ ಮೂಡುಬಿದಿರೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟವನು, ಮಾತು ಜಾಸ್ತಿ, ಮನಸ್ಸು ಒಳ್ಳೆಯದು. ಎರಡು ವರ್ಷದ ಹಿಂದೆ ಮೂಡುಬಿದಿರೆಯ ಹಾಲ್‌ನಲ್ಲಿ ಅವನ ಮಗಳು ಗ್ರೀಷ್ಮಾಳ ಆರತಕ್ಷತೆ. ಊಟ ಏಳು ಗಂಟೆಗೆ ಎಂದು ಕಾಗದದಲ್ಲಿ ಅಚ್ಚಾಗಿತ್ತು. ಮೊಕ್ತೇಸರರು ಬರುವುದಿಲ್ಲ ಎಂದು ಹಠ ಹಿಡಿದರು, ಊಟ ನಾಲ್ಕೂವರೆಗೆ ಬಂತು. ವರನ ಕಡೆಯ ನಲವತ್ತು ಜನ ಮಂಗಳೂರಿನಿಂದ ಏಳಕ್ಕೆ ಸರಿಯಾಗಿ ಬಂದು, ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ನೋಡಿಕೊಂಡು ಹೋದರು. ಕಳೆದ ವರ್ಷದ ಪರ್ವದಲ್ಲಿ ಜಯೇಶನ ಎಂಬತ್ತು ವರ್ಷದ ತಾಯಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಲು ಸಂಜೆ ಏಳಕ್ಕೆ ಅರ್ಧ ಬಾಳೆಹಣ್ಣು ತಿಂದದ್ದು ಹೇಗೋ ಗೊತ್ತಾಗಿ, ವ್ರತ ಪೂರೈಸಿದವರ ಪಟ್ಟಿಯಿಂದ ಅವರ ಹೆಸರು ಬಿಟ್ಟುಹೋಯಿತು. ಬಿಡಿಸಿದವರು ಅರಿಗರೇ. ಆರೋಗ್ಯದ ನೆಪಕ್ಕೆ ಒಮ್ಮೆ ಬಾಗಿಲು ತೆರೆದರೆ ಮತ್ತೆ ಮುಚ್ಚಲಿಕ್ಕಾಗುವುದಿಲ್ಲ ಎಂದು ಅವರು ಸಭೆಯಲ್ಲಿ ಹೇಳಿದ್ದರು.

ಇಂಥವರನ್ನು ಆ ಗುರುವಾರ ನೇತ್ರಾ ಬಜಾರಿನ ಕಾವಲುಗಾರ ಶೇಷಪ್ಪ ಬಾಗಿಲಲ್ಲಿ ತಡೆದು, ಜೇಬು ತೋರಿಸಿ ಎಂದ. ಖಾಲಿ ಪ್ಯಾಕೆಟ್ ಹೊರಬಂತು. ಅರಿಗರು ಇಪ್ಪತ್ತು ರೂಪಾಯಿಯ ನೀರಿನ ಬಾಟಲಿಗೆ ಮಾತ್ರ ಬಿಲ್ಲು ಮಾಡಿಸಿದ್ದರು. ಪರ್ಸಿನಲ್ಲಿ ಸಾವಿರದ ಎಂಟುನೂರು ರೂಪಾಯಿ ಇತ್ತು. ಹತ್ತು ಹೆಜ್ಜೆ ಮುಂದೆ, ಆಗಷ್ಟೇ ಹೊರಗೆ ಹೋಗಿದ್ದ ಜಯೇಶ ಗಲಾಟೆ ಕೇಳಿ ತಿರುಗಿ ಬಂದ.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರಿಗೆ ಇದು ದೊಡ್ಡ ತಲೆನೋವಾಯಿತು. ಹೊಸ ಕಾನೂನಿನಲ್ಲಿ ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಕಳವನ್ನು ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿಲ್ಲ, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಇನ್ನೂರ ನಲವತ್ತು ರೂಪಾಯಿಯ ಗೋಡಂಬಿಗೆ ಅನುಮತಿ ಕೇಳಿ ಬರೆಯುವಷ್ಟು ಹೊತ್ತಿಗೆ ನಾಲ್ಕು ಅಪಘಾತದ ಮಹಜರು ಮುಗಿಸಬಹುದಿತ್ತು. ದುಡ್ಡು ಕೊಟ್ಟು ಮುಗಿಸಿಬಿಡಿ ಎಂದು ಅವರು ಎರಡೂ ಕಡೆಯವರಿಗೆ ಹೇಳಿದರು. ಅಂಗಡಿಯ ಮ್ಯಾನೇಜರ್ ಶಿಶಿರ್ ಒಪ್ಪುವ ಹಾಗಿದ್ದ. ಒಪ್ಪದವನು ಜಯೇಶ. ಯಾರೋ ತಿಂದು ಬಿಸಾಡಿದ ಪ್ಯಾಕೆಟ್ ಹೆಕ್ಕಿಕೊಂಡ ನಮ್ಮ ಮೊಕ್ತೇಸರರನ್ನು ಕಳ್ಳ ಎಂದು ಬಾಗಿಲಲ್ಲಿ ನಿಲ್ಲಿಸಿದ ಮೇಲೆ ಈಗ ದುಡ್ಡು ಕೊಟ್ಟರೆ ಕದ್ದ ಹಾಗೆ ಆಗುತ್ತದೆ, ಕ್ಷಮೆ ಅವರು ಕೇಳಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ನೋಡಿಕೊಳ್ಳುವ ಎಂದು ಅವನು ಮೇಜು ಕುಟ್ಟಿದ. ಶಿಶಿರನ ಮುಖ ಕೆಂಪಾಯಿತು. ಅರಿಗರು ಠಾಣೆಯ ಗೋಡೆ ಗಡಿಯಾರ ನೋಡುತ್ತಿದ್ದರು.

ಮ್ಯಾಜಿಸ್ಟ್ರೇಟರ ಅನುಮತಿ ಐದು ದಿನದಲ್ಲಿ ಬಂತು. ಅಕ್ಟೋಬರ್ ಕೊನೆಗೆ ದೋಷಾರೋಪಣ ಪಟ್ಟಿಯೂ ಸಮನ್ಸೂ ಬಂದವು. ಸಮನ್ಸ್ ತಂದ ಪೊಲೀಸನಿಗೆ ಅರಿಗರ ಹೆಂಡತಿ ತ್ರಿಶಲಾ ಮಜ್ಜಿಗೆ ಕೊಟ್ಟರು. ಅವನು ಕುಡಿದು, ಬಂಟ್ವಾಳ ಕೋರ್ಟಿಗೆ ನವೆಂಬರ್ ನಾಲ್ಕಕ್ಕೆ ಬರಬೇಕು, ಜಾಮೀನಿಗೆ ಒಬ್ಬರನ್ನು ಪಹಣಿ ಸಮೇತ ಕರೆತನ್ನಿ ಎಂದು ಹೇಳಿ ಹೋದ.

ವಕೀಲರನ್ನು ಹುಡುಕಿದವರು ತ್ರಿಶಲಾ. ಬಿ.ಸಿ. ರೋಡಿನ ಒಂದು ಮೆಡಿಕಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮುರ್ಶಿದಾ ಎಂಬ ವಕೀಲೆಯ ಕಚೇರಿ. ವಿಟ್ಲದಿಂದ ದಿನಾ ಬಸ್ಸಿನಲ್ಲಿ ಬರುವವರು, ಏಳು ವರ್ಷದ ಅನುಭವ, ಹೆಚ್ಚು ಮಾತಿಲ್ಲ. ದೋಷಾರೋಪಣ ಪಟ್ಟಿಯ ಜೊತೆ ಕೊಟ್ಟಿದ್ದ ಪೆನ್‌ಡ್ರೈವನ್ನು ಅವರು ಅರಿಗರು ಬರುವ ಮೊದಲೇ ಎರಡು ಸಲ ನೋಡಿದ್ದರು.

ಕೇಸು ಸುಲಭ ಎಂದು ಮುರ್ಶಿದಾ ಹೇಳಿದರು. ಸಿಸಿಟಿವಿಯಲ್ಲಿ ಎಲ್ಲ ಸ್ಪಷ್ಟವಾಗಿ ಉಂಟು. ಅರಿಗರು ಪ್ಯಾಕೆಟ್ ತೆಗೆದುಕೊಂಡು, ದೀಪದ ಕೆಳಗೆ, ಕ್ಯಾಮರಾದ ಎದುರೇ ನಿಂತು, ಮದುವೆಮನೆಯ ಪಂಕ್ತಿಯಲ್ಲಿ ಕೂತವರ ಹಾಗೆ ನಿಧಾನಕ್ಕೆ ತಿನ್ನುತ್ತಾರೆ. ಕದಿಯುವವರು ಹೀಗೆ ತಿನ್ನುವುದಿಲ್ಲ. ಆಮೇಲೆ ಬಿಲ್ಲಿನ ಸಾಲಿನಲ್ಲಿ ನಿಲ್ಲುತ್ತಾರೆ. ವಯಸ್ಸಾದವರು, ಹೇಳಲು ಮರೆತರು ಎಂದರೆ ಸಾಕು. ಕಳವಾಗಬೇಕಾದರೆ ಅಪ್ರಾಮಾಣಿಕ ಉದ್ದೇಶ ಇರಬೇಕು. ಮರೆವು ಅಪರಾಧ ಅಲ್ಲ. ಆ ವಿಡಿಯೋವನ್ನು ಕೋರ್ಟಿನಲ್ಲಿ ಹಾಕಿಸಿದರೆ ಬಿಡುಗಡೆ ಖಂಡಿತ.

“ಅದನ್ನು ಹಾಕಿಸಬಾರದು,” ಎಂದರು ಅರಿಗರು.

ಮುರ್ಶಿದಾ ಕನ್ನಡಕ ತೆಗೆದರು. ನಿಮ್ಮನ್ನು ಬಚಾವು ಮಾಡುವ ಒಂದೇ ಸಾಕ್ಷಿ ಅದು ಎಂದು ತಿಳಿಸಿ ಹೇಳಿದರು. ಅರಿಗರು ತ್ರಿಶಲಾರ ಕಡೆ ನೋಡಿದರು. ತ್ರಿಶಲಾ ಕಿಟಕಿಯ ಕಡೆ ನೋಡಿದರು.

“ಅದರಲ್ಲಿ ಗಂಟೆ ಉಂಟಲ್ಲ ಮೇಡಂ, ಮೇಲೆ ಮೂಲೆಯಲ್ಲಿ.”

ಉಂಟು ಎಂದರು ಮುರ್ಶಿದಾ. ಪ್ಯಾಕೆಟ್ ಹರಿಯುವಾಗ ಆರು ನಲವತ್ತೊಂದು. ಕೊನೆಯ ಗೋಡಂಬಿ ಬಾಯಿಗೆ ಹೋಗುವಾಗ ಆರು ಐವತ್ತು.

“ಸೂರ್ಯಾಸ್ತ ಆರು ಮೂವತ್ತೊಂಬತ್ತಕ್ಕೆ.”

ನಡೆದದ್ದು ಇಷ್ಟು. ಆ ದಿನ ಅರಿಗರು ಪಹಣಿಯ ಹೆಸರು ತಿದ್ದುಪಡಿಗೆಂದು ತಾಲೂಕು ಕಚೇರಿಗೆ ಬಂದಿದ್ದರು. ಪರ್ವದ ಒಪ್ಪೊತ್ತಿನ ವ್ರತ. ದಿನಕ್ಕೊಂದೇ ಊಟ, ಅದು ಸಂಜೆ ನಾಲ್ಕೂವರೆಗೆ. ಮೂರಕ್ಕೆ ಕೆಲಸ ಮುಗಿಯುತ್ತದೆಂದು ಕಚೇರಿಯವರು ಹೇಳಿದ್ದರು, ಮುಗಿದದ್ದು ಆರು ಹತ್ತಕ್ಕೆ. ಊಟದ ಮೊದಲು ನುಂಗುವ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಸಮಯಪಾಲನೆಯ ಅಭ್ಯಾಸದಿಂದ ನಾಲ್ಕು ಗಂಟೆಗೇ ನುಂಗಿ ಆಗಿತ್ತು. ಹೆದ್ದಾರಿ ಕಾಮಗಾರಿಯ ಸಾಲು ವಾಹನಗಳ ನಡುವೆ ರಸ್ತೆ ದಾಟಿ ಅಂಗಡಿಗೆ ಹೋಗುವಾಗ ಸಕ್ಕರೆ ಇಳಿದು ಕಣ್ಣು ಕತ್ತಲೆಗಟ್ಟುತ್ತಿತ್ತು. ಒಳಗೆ ಕೈಗಡಿಯಾರ ನೋಡಿದರು. ಆರು ನಲವತ್ತೊಂದು. ಎರಡು ನಿಮಿಷ ತಡ. ಕೈ ಪ್ಯಾಕೆಟ್ ಹರಿದೇಬಿಟ್ಟಿತು.

ತಿಂದ ಮೇಲೆ ಜೀವ ಬಂತು, ಜೀವದ ಜೊತೆ ಮೊಕ್ತೇಸರಿಕೆಯೂ ನೆನಪಾಯಿತು. ದುಡ್ಡು ಕೊಡುವ ಎಂದು ಸಾಲಿನಲ್ಲಿ ನಿಂತರೆ ಮುಂದೆ ನಿಂತವನು ಜಯೇಶ. ಅಣ್ಣ ಇಲ್ಲಿ ಹೇಗೆ ಎಂದು ಅವನು ಮಾತಿಗೆ ಸುರುಮಾಡಿದ. ತನ್ನ ಬಿಲ್ಲು ಆದ ಮೇಲೂ ಪಕ್ಕದಲ್ಲೇ ನಿಂತು ಮಾತಾಡಿದ. ಅವನ ಕಣ್ಣೆದುರು ಖಾಲಿ ಪ್ಯಾಕೆಟ್ ತೆಗೆದು ಕೌಂಟರಿನ ಮೇಲೆ ಇಡುವುದು ಹೇಗೆ? ಅರಿಗರು ನೀರಿನ ಬಾಟಲಿ ಇಟ್ಟರು. ಜಯೇಶ ಹೋದ ಮೇಲೆ ತಿರುಗಿ ಬಂದು ಕೊಡುವ ಎಂದುಕೊಂಡು ಬಾಗಿಲು ದಾಟಿದರು.

“ಹಾಗಾದರೆ ಮರೆತದ್ದಲ್ಲ,” ಎಂದರು ಮುರ್ಶಿದಾ.

“ನಾನು ಮರೆಯುವ ಜನ ಅಲ್ಲ.”

ಮುರ್ಶಿದಾ ಪೆನ್ನಿನ ಮುಚ್ಚಳ ಹಾಕಿದರು. ಎರಡು ನಿಮಿಷದ ಬೆಲೆ ಅವರಿಗೆ ಹೊಸತಲ್ಲ. ಉಪವಾಸದ ತಿಂಗಳಲ್ಲಿ ನಾವು ಸೂರ್ಯ ಮುಳುಗಲಿ ಎಂದು ಖರ್ಜೂರ ಹಿಡಿದು ಕಾಯುವುದು, ನೀವು ಮುಳುಗುವ ಮೊದಲು ಓಡುವುದು, ಗಡಿಯಾರ ಮಾತ್ರ ಒಂದೇ ಎಂದರು. ಆದರೆ ನಮ್ಮಲ್ಲಿ ಕಾಯಿಲೆಯವರಿಗೆ ವಿನಾಯಿತಿ ಉಂಟು, ನಿಮ್ಮಲ್ಲಿ ಇಲ್ಲವಾ ಎಂದು ಕೇಳಿದರು.

ಉಂಟು ಎಂದರು ತ್ರಿಶಲಾ ಮೊದಲ ಬಾರಿಗೆ ಬಾಯಿ ತೆರೆದು. ಶಾಸ್ತ್ರದಲ್ಲಿ ಉಂಟು. ಇವರು ಕಳೆದ ವರ್ಷ ರದ್ದು ಮಾಡಿದ್ದಾರೆ.

ಅಲ್ಲಿಗೆ ಮುರ್ಶಿದಾ ಕಾನೂನಿನ ದಾರಿಗಳನ್ನು ಬೆರಳು ಮಡಚಿ ಹೇಳಿದರು. ವಿಚಾರಣೆ ಎದುರಿಸಿದರೆ ವಿಡಿಯೋ ಬರುತ್ತದೆ, ತೆರೆದ ಕೋರ್ಟು, ಯಾರು ಬೇಕಾದರೂ ಕೂತು ನೋಡಬಹುದು. ರಾಜಿ ಮಾಡಿಕೊಂಡರೆ ಬಿಡುಗಡೆಯಾದ ಹಾಗೆಯೇ, ಆದರೆ ಸೊತ್ತಿನ ಮಾಲಿಕರು ಒಪ್ಪಬೇಕು. ತಪ್ಪೊಪ್ಪಿಕೊಂಡರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಮೊದಲ ಸಲದ ತಪ್ಪು, ಐದು ಸಾವಿರದ ಒಳಗೆ, ಸೊತ್ತಿನ ಬೆಲೆ ಕೋರ್ಟಿಗೆ ಕಟ್ಟಿದರೆ ಜೈಲಿಲ್ಲ, ಸಮುದಾಯ ಸೇವೆ. ಆದರೆ ಅಪರಾಧಿ ಎಂಬ ದಾಖಲೆ ಉಳಿಯುತ್ತದೆ.

ಕೊನೆಯದಕ್ಕೆ ಇನ್ನೊಂದು ತೊಡಕಿತ್ತು. ಬಸದಿಯ ಬೈಲಾದ ಹನ್ನೊಂದನೇ ಕಲಂ ಪ್ರಕಾರ, ಕೋರ್ಟಿನಲ್ಲಿ ಅಪರಾಧಿ ಎಂದು ತೀರ್ಮಾನವಾದವರು ಮೊಕ್ತೇಸರರಾಗಿ ಇರತಕ್ಕದ್ದಲ್ಲ. ಬೈಲಾ ಬರೆದವರು ಅರಿಗರೇ.

“ಮೊಕ್ತೇಸರಿಕೆ ಹೋದರೆ ಹೋಗಲಿ,” ಎಂದರು ಅರಿಗರು. “ಕಳ್ಳ ಅಂದರೂ ಅಡ್ಡಿಯಿಲ್ಲ. ಗಂಟೆ ಮಾತ್ರ ಊರಿಗೆ ಗೊತ್ತಾಗಬಾರದು.”

ಮುರ್ಶಿದಾ ಮೊದಲು ರಾಜಿಗೆ ಪ್ರಯತ್ನಿಸಿದರು. ಶಿಶಿರ್ ಮೆದುವಾಗಿದ್ದ. ಒಂದು ಸಾಲಿನ ವಿಷಾದಪತ್ರ ಕೊಟ್ಟರೆ ಮಂಗಳೂರಿನ ಹೆಡ್ ಆಫೀಸಿಗೆ ಕಳಿಸಿ ಸಹಿ ತರಿಸುತ್ತೇನೆ ಎಂದ. ಅರಿಗರು ಆ ರಾತ್ರಿಯೇ ಬರೆದು ಕೊಟ್ಟರು. ಎರಡು ದಿನ ಬಿಟ್ಟು ಶಿಶಿರ್ ಫೋನ್ ಮಾಡಿ, ಮೇಡಂ, ಇನ್ನು ಆಗುವುದಿಲ್ಲ ಎಂದ. ಜಯೇಶ ಮೂಡುಬಿದಿರೆಯ ತನ್ನ ಅಂಗಡಿಯಿಂದ ಹೆಡ್ ಆಫೀಸಿಗೆ ಫೋನ್ ಮಾಡಿ, ನಮ್ಮ ಸಮಾಜದ ಹಿರಿಯರ ಮಾನ ತೆಗೆದದ್ದಕ್ಕೆ ಹತ್ತು ಲಕ್ಷದ ಮಾನನಷ್ಟ ಹಾಕುತ್ತೇವೆ, ನಿಮ್ಮ ಸಿಸಿಟಿವಿಯನ್ನು ಕೋರ್ಟಿನಲ್ಲಿ ಹಾಕಿಸಿ ನಿಮ್ಮ ಮರ್ಯಾದೆ ತೆಗೆಯುತ್ತೇವೆ ಎಂದಿದ್ದ. ಹೆಡ್ ಆಫೀಸಿನವರು ಕೇಸು ನಡೆಯಲಿ ಎಂದರಂತೆ.

ಅರಿಗರು ಜಯೇಶನಿಗೆ ಫೋನ್ ಮಾಡಿ, ನೀನು ಸುಮ್ಮನಿರು ಎಂದರು. ಅಣ್ಣ ಸಂಕೋಚ ಮಾಡಬೇಡಿ, ಇದು ನಿಮ್ಮ ಒಬ್ಬರ ಮಾನ ಅಲ್ಲ, ಬಸದಿಯ ಮಾನ ಎಂದು ಜಯೇಶ ಹೇಳಿದ. ಅದೇ ಮಾತನ್ನು ಗುಂಪಿನಲ್ಲೂ ಹಾಕಿದ, ಇಪ್ಪತ್ತೊಂದು ಜನ ಅದಕ್ಕೆ ಹೆಬ್ಬೆರಳು ಎತ್ತಿದರು.

ನವೆಂಬರ್ ನಾಲ್ಕರ ಬೆಳಿಗ್ಗೆ ಅರಿಗರು ಹತ್ತೂಕಾಲಕ್ಕೆ ಕೋರ್ಟಿನ ವರಾಂಡದಲ್ಲಿದ್ದರು. ಮುರ್ಶಿದಾ ಮೊದಲೇ ಹೇಳಿಕೊಟ್ಟಿದ್ದರು: ಫೋನ್ ಬಂದ್ ಮಾಡಿ, ಕಟಕಟೆಗೆ ಒರಗಬೇಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ, ಮೂರು ನಿಮಿಷದ ಕೆಲಸಕ್ಕೆ ಮೂರು ಗಂಟೆ ಕಾಯಬೇಕು. ಕಲಾಪ ಹತ್ತೂವರೆಗೆ ಎಂದು ಬೋರ್ಡಿನಲ್ಲಿ ಇತ್ತು, ನ್ಯಾಯಾಧೀಶರು ಬಂದದ್ದು ಹತ್ತು ನಲವತ್ತೆಂಟಕ್ಕೆ. ಅರಿಗರು ಅದನ್ನು ಮನಸ್ಸಿನಲ್ಲೇ ದಾಖಲಿಸಿಕೊಂಡರು. ಚೆಕ್ ಬೌನ್ಸಿನವರು, ಹೆಲ್ಮೆಟ್ ಇಲ್ಲದವರು, ದನ ಸಾಗಿಸಿದವರು, ಜೀವನಾಂಶ ಕೊಡದವರು ಎಲ್ಲರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಅವರಲ್ಲೊಬ್ಬ ಯಾವ ಕೇಸು ಎಂದು ಕೇಳಿದ. ಕಳವು ಎಂದರು ಅರಿಗರು. ಅವನು ಮರ್ಯಾದೆಯಿಂದ ಸ್ವಲ್ಪ ಜಾಗ ಬಿಟ್ಟುಕೊಟ್ಟ.

ಹನ್ನೆರಡು ಹದಿನೇಳಕ್ಕೆ ಕೂಗುವವನು ಹೆಸರು ಕೂಗಿದ. ಆ ದಿನ ಆದದ್ದು ಜಾಮೀನು ಮಾತ್ರ. ಜಾಮೀನುದಾರ ಜಯೇಶ. ಪಹಣಿ, ಆಧಾರ್ ಎರಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ. ಇವರು ನಿಮಗೆ ಏನಾಗಬೇಕು ಎಂದು ನ್ಯಾಯಾಧೀಶರು ಕೇಳಿದಾಗ, ನಮ್ಮ ಅಣ್ಣ, ಜೀವಮಾನದಲ್ಲಿ ಒಂದು ನಿಮಿಷ ಆಚೀಚೆ ಮಾಡಿದವರಲ್ಲ ಎಂದ. ಮುರ್ಶಿದಾ ಕಡತದಲ್ಲಿ ಮುಖ ಹುದುಗಿಸಿದರು. ಆರೋಪ ಓದಿ ಹೇಳಲು ನವೆಂಬರ್ ಹದಿನೆಂಟಕ್ಕೆ ದಿನ ಇಟ್ಟರು.

ಹದಿನೆಂಟಕ್ಕೆ ಜಯೇಶ ಒಬ್ಬನೇ ಬರಲಿಲ್ಲ. ಹನ್ನೆರಡು ಜನರ ವ್ಯಾನು ಮಾಡಿಕೊಂಡು ಬಸದಿಯ ಜನರನ್ನು ಕರೆತಂದ. ಗಂಡಸರು ಬಿಳಿ ಅಂಗಿ ಹಾಕಿದ್ದರು, ಹೆಂಗಸರು ಸೀರೆಯ ಸೆರಗು ಹೊದ್ದಿದ್ದರು. ಪರ್ವದಲ್ಲಿ ಹತ್ತು ದಿನವೂ ನೀರಿನ ಮೇಲೆ ಇದ್ದು ಶಾಲು ಹೊದೆಸಿಕೊಂಡ ಸಮ್ಯಕ್ ಎಂಬ ಯುವಕನೂ ಇದ್ದ. ಎಲ್ಲರೂ ಹಿಂದಿನ ಎರಡು ಬೆಂಚು ತುಂಬಿ ಕೂತರು. ವಿಡಿಯೋ ಯಾವ ಗೋಡೆಗೆ ಹಾಕುತ್ತಾರೆ ಎಂದು ಒಬ್ಬರು ಕೇಳುತ್ತಿದ್ದರು.

ಈ ದಿನ ವಿಡಿಯೋ ಬರುವುದಿಲ್ಲ ಎಂಬುದು ಗೊತ್ತಿದ್ದವರು ಮೂವರು. ಆರೋಪ ಓದಿದ ಕೂಡಲೇ ಒಪ್ಪಿಕೊಳ್ಳುವುದು, ಇನ್ನೂರ ನಲವತ್ತು ಕಟ್ಟುವುದು, ಶಿಕ್ಷೆ ಕೇಳಿ ಹೊರಗೆ ಬರುವುದು ಎಂದು ನಿಶ್ಚಯವಾಗಿತ್ತು. ಊರವರಿಗೆ, ವಯಸ್ಸಾಯಿತು, ಕೋರ್ಟು ಅಲೆಯಲು ಆಗುವುದಿಲ್ಲ ಎಂದು ಒಪ್ಪಿಕೊಂಡೆ ಎನ್ನಬಹುದು. ಅನ್ಯಾಯವಾಗಿ ಶಿಕ್ಷೆ ಅನುಭವಿಸಿದವರ ಸ್ಥಾನ ಮೊಕ್ತೇಸರಿಕೆಗಿಂತ ಸ್ವಲ್ಪ ಎತ್ತರದ್ದೇ ಎಂಬ ಲೆಕ್ಕಾಚಾರವೂ ಅರಿಗರಿಗೆ ಬಂದಿರಬೇಕು. ತ್ರಿಶಲಾರಿಗಂತೂ ಹಾಗೆ ಕಂಡಿತ್ತು.

ನ್ಯಾಯಾಧೀಶರು ಮೂವತ್ತರ ಆಸುಪಾಸಿನ ಹೆಂಗಸು. ಕಡತ ನೋಡಿ, ಆರೋಪವನ್ನು ಕನ್ನಡದಲ್ಲಿ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ, ಇಲ್ಲ ವಿಚಾರಣೆ ನಡೆಯಬೇಕಾ ಎಂದು ಕೇಳಿದರು.

ಒಪ್ಪಿಕೊಳ್ಳುತ್ತೇನೆ ಎಂದರು ಅರಿಗರು. ಹಿಂದಿನ ಬೆಂಚಿನಲ್ಲಿ ಗುಜುಗುಜು ಎದ್ದಿತು. ಜಯೇಶ ಎದ್ದು ನಿಂತ, ಪೊಲೀಸ್ ಸಿಬ್ಬಂದಿ ಕೂತುಕೊಳ್ಳಲು ಸನ್ನೆ ಮಾಡಿದರು.

ನ್ಯಾಯಾಧೀಶರು ಆತುರಪಡಲಿಲ್ಲ. ಯಾರಾದರೂ ಒತ್ತಾಯ ಮಾಡಿದ್ದಾರಾ ಎಂದು ಕೇಳಿದರು, ಇಲ್ಲ ಎಂದರು ಅರಿಗರು. ಒಪ್ಪಿಕೊಂಡರೆ ಅಪರಾಧಿ ಎಂದು ತೀರ್ಮಾನವಾಗುತ್ತದೆ, ಗೊತ್ತುಂಟಾ ಎಂದರು, ಗೊತ್ತುಂಟು ಎಂದರು. ಒಪ್ಪಿಗೆಯನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಏನು ಮಾಡಿದಿರಿ ಹೇಳಿ ಎಂದರು.

ಹಸಿವಾಗಿತ್ತು, ಗೋಡಂಬಿ ತಿಂದೆ, ದುಡ್ಡು ಕೊಡಲಿಲ್ಲ ಎಂದರು ಅರಿಗರು.

“ಕೊಡಲು ಮರೆತಿರಾ?”

ಅರಿಗರು ಒಂದು ಕ್ಷಣ ಯೋಚಿಸಿ ಹೌದು ಎಂದರು.

ಬೆರಳಚ್ಚು ನಿಂತಿತು. ಮರೆತದ್ದಾದರೆ ಅದು ಕಳವಾಗುವುದಿಲ್ಲ, ಮಾಡದ ಅಪರಾಧಕ್ಕೆ ಒಪ್ಪಿಗೆ ಬರೆದುಕೊಳ್ಳಲು ನನಗೆ ಬರುವುದಿಲ್ಲ ಎಂದು ನ್ಯಾಯಾಧೀಶರು ಸಮಾಧಾನದಿಂದಲೇ ಹೇಳಿದರು. ವಿಚಾರಣೆಗೆ ಇಡುವ, ಸಿಸಿಟಿವಿ ಇದೆಯಲ್ಲ, ಅದನ್ನು ಎಲ್ಲರೆದುರು ನೋಡಿದರೆ ಸತ್ಯ ಗೊತ್ತಾಗುತ್ತದೆ ಎಂದು ಮುಂದಿನ ದಿನಾಂಕಕ್ಕಾಗಿ ಡೈರಿ ತೆರೆದರು. ಹಿಂದಿನ ಬೆಂಚಿನಲ್ಲಿ ಜಯೇಶ ಪಕ್ಕದವನ ತೊಡೆಗೆ ತಟ್ಟಿದ.

ಮುರ್ಶಿದಾ ತಿರುಗಿ ಅರಿಗರನ್ನು ನೋಡಿದರು. ಇಲ್ಲಿ ವಕೀಲರು ಮಾಡುವಂಥದ್ದು ಏನೂ ಇರಲಿಲ್ಲ.

“ಮರೆತದ್ದಲ್ಲ,” ಎಂದರು ಅರಿಗರು. “ಸುಳ್ಳು ಹೇಳಿದೆ. ಬೇಕೆಂದೇ ಕೊಡಲಿಲ್ಲ.”

“ಯಾಕೆ? ನಿಮ್ಮ ಪರ್ಸಿನಲ್ಲಿ ದುಡ್ಡಿತ್ತಲ್ಲ.”

ಅರಿಗರು ಕಟಕಟೆಗೆ ಒರಗಿದರು. ಒರಗಬಾರದು ಎಂಬುದು ಆಗ ನೆನಪಿರಲಿಲ್ಲ.

“ಮುಂದೆ ನನ್ನ ತಮ್ಮ ನಿಂತಿದ್ದ. ಖಾಲಿ ಪ್ಯಾಕೆಟ್ ತೆಗೆದರೆ ನಾನು ಆಗ ತಾನೇ ತಿಂದದ್ದು ಅಂತ ಅವನಿಗೆ ಗೊತ್ತಾಗ್ತದೆ. ಸೂರ್ಯ ಮುಳುಗಿದ್ದು ಆರು ಮೂವತ್ತೊಂಬತ್ತಕ್ಕೆ. ನಾನು ತಿನ್ನಲು ಸುರು ಮಾಡಿದ್ದು ಆರು ನಲವತ್ತೊಂದಕ್ಕೆ, ಮುಗಿಸಿದ್ದು ಆರು ಐವತ್ತಕ್ಕೆ.”

ಬೆರಳಚ್ಚುಗಾರ್ತಿ ಗಂಟೆಗಳನ್ನು ಇನ್ನೊಮ್ಮೆ ಹೇಳಿ ಎಂದರು. ಅರಿಗರು ಇನ್ನೊಮ್ಮೆ ಹೇಳಿದರು, ಮೊದಲಿಗಿಂತ ಸ್ಪಷ್ಟವಾಗಿ, ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವ ಹಾಗೆ. ಸೂರ್ಯಾಸ್ತಕ್ಕೂ ಕಳವಿಗೂ ಏನು ಸಂಬಂಧ ಎಂದು ಸರಕಾರಿ ವಕೀಲರು ಮುರ್ಶಿದಾರನ್ನು ಮೆಲ್ಲಗೆ ಕೇಳಿದರು. ಅವರು ಎರಡು ವಾಕ್ಯದಲ್ಲಿ ವಿವರಿಸಿದರು. ನ್ಯಾಯಾಧೀಶರಿಗೂ ಅದು ಕೇಳಿಸಿತು.

“ಎರಡು ನಿಮಿಷಕ್ಕಾ?” ಎಂದರು ಅವರು. ಇದನ್ನು ಬೆರಳಚ್ಚು ಮಾಡಲಿಲ್ಲ.

ಮತ್ತೆ ಎಲ್ಲ ಬೇಗ ಬೇಗ ಆಯಿತು. ಒಪ್ಪಿಗೆ ದಾಖಲಾಯಿತು, ಅರಿಗರು ಓದಿ, ಒಂದು ಕಡೆ 6.14 ಎಂದು ತಪ್ಪಾಗಿದ್ದನ್ನು ತೋರಿಸಿ ತಿದ್ದಿಸಿ, ಸಹಿ ಹಾಕಿದರು. ಅಪರಾಧಿ ಎಂದು ತೀರ್ಮಾನವಾಯಿತು. ಇನ್ನೂರ ನಲವತ್ತು ರೂಪಾಯಿ ಕಟ್ಟಿಸಿಕೊಂಡರು. ಶಿಕ್ಷೆ ಮೂರು ದಿನದ ಸಮುದಾಯ ಸೇವೆ: ತಾಲೂಕು ಆಸ್ಪತ್ರೆಯಲ್ಲಿ ಸಂಜೆ ಆರೂವರೆಯಿಂದ ಎಂಟರವರೆಗೆ ರೋಗಿಗಳಿಗೆ ಗಂಜಿ ಬಡಿಸುವುದು. ಬೇರೆ ಹೊತ್ತಿನ ಕೆಲಸ ಕೇಳಲಾ ಎಂದು ಮುರ್ಶಿದಾ ಕಿವಿಯಲ್ಲಿ ಕೇಳಿದರು. ಬೇಡ, ಬಡಿಸುವುದಕ್ಕೆ ನಿಷೇಧ ಇಲ್ಲ ಎಂದರು ಅರಿಗರು.

ವ್ಯಾನಿನಲ್ಲಿ ಗಂಡಹೆಂಡಿರನ್ನು ಎದುರಿನ ಸೀಟಿನಲ್ಲಿ ಕೂರಿಸಿದರು. ವ್ಯಾನು ಬಂಟ್ವಾಳ ದಾಟಿತು. ವಗ್ಗದ ಹತ್ತಿರ ಜಯೇಶ ಹಿಂದಿನಿಂದ ಹೇಳಿದ:

“ನನ್ನ ಅಮ್ಮನಿಗೂ ಶುಗರೇ ಇದ್ದದ್ದು ಅಣ್ಣ.”

ಅರಿಗರು ತಿರುಗಲಿಲ್ಲ. “ಹೌದು,” ಎಂದರು. ಆಮೇಲೆ, “ಅವರ ಹತ್ತಿರ ನಾನೇ ಬಂದು ಮಾತಾಡ್ತೇನೆ.”

ಬನ್ನಿ, ಆದರೆ ಅಮ್ಮನಿಗೆ ಈಗ ಕಿವಿ ಕೇಳುವುದಿಲ್ಲ, ದೊಡ್ಡ ಸ್ವರದಲ್ಲಿ ಹೇಳಬೇಕು, ನೆರೆಮನೆಯವರಿಗೂ ಕೇಳ್ತದೆ ಎಂದ ಜಯೇಶ. ಯಾರೋ ಕಿಸಕ್ಕೆಂದರು. ನಗು ಹಿಂದಿನ ಸೀಟಿನವರೆಗೂ ಹೋಗಿ ತಿರುಗಿ ಬಂತು. ಅದು ನಿಂತ ಮೇಲೆ ಶರಣ್ಯಾ ಎಂಬ ಸೊಸೆಯೊಬ್ಬಳು, ಹಾಗೆ ನೋಡಿದರೆ ಪರ್ವದ ಮೂರನೇ ದಿನ ನಮ್ಮ ಮನೆಯಲ್ಲಿ ಏಳೂವರೆಗೆ ಚಹಾ ಆಗಿದೆ ಎಂದಳು. ಅವಳ ಅತ್ತೆ ಅವಳ ತೊಡೆ ಚಿವುಟಿದರು, ತಡವಾಗಿತ್ತು. ಇನ್ನೊಬ್ಬರು ಐದನೇ ದಿನ ಮನೆಯಲ್ಲಿ ಚಕ್ಕುಲಿ ಕರಿದಿದ್ದರು. ರುಚಿ ನೋಡಿದ್ದು ಊಟ ಅಲ್ಲ ಎಂಬುದು ಅವರ ವಾದ. ಪುಂಜಾಲಕಟ್ಟೆ ಬರುವಷ್ಟರಲ್ಲಿ ವ್ಯಾನಿನಲ್ಲಿ ಪೈಪೋಟಿ ಬಿದ್ದಿತ್ತು. ಮಡಂತ್ಯಾರಿನಲ್ಲಿ ಇಳಿಯುವಾಗ ಸಮ್ಯಕ್, ಆರನೇ ದಿನ ಒಂದು ಬಾಳೆಹಣ್ಣು, ಎಂದು ಚಪ್ಪಲಿ ನೋಡಿಕೊಂಡು ಹೇಳಿದ.

ತೀರ್ಪು ಕೇಳುವಾಗ ನೆಟ್ಟಗೆ ನಿಂತಿದ್ದ ಅರಿಗರು ಈಗ ರಸ್ತೆಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ಸಂಕಟ ಯಾರಿಗೂ ಅರ್ಥವಾಗಲಿಲ್ಲ. ಎಂಟು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ, ನಿಮಿಷದ ಲೆಕ್ಕದಲ್ಲಿ ತಾವು ಕಳಿಸಿದ್ದೆಲ್ಲ ಅಡುಗೆಮನೆಯ ಕಿಟಕಿ ಮುಚ್ಚಬೇಕಾದ ಹೊತ್ತು ಯಾವುದೆಂದು ತಿಳಿಯಲು ಬಳಕೆಯಾಗುತ್ತಿತ್ತು. ಹಾಗಾದರೆ ನಾನೊಬ್ಬನೇ ಪಾಲಿಸಿದ್ದಾ ಎಂದು ಅವರು ತ್ರಿಶಲಾರನ್ನು ಕೇಳಿದರು.

“ಸೆಪ್ಟೆಂಬರ್ ನಾಲ್ಕರವರೆಗೆ,” ಎಂದರು ತ್ರಿಶಲಾ. ತಮ್ಮ ವಿಷಯ ಹೇಳಲಿಲ್ಲ. ಅರಿಗರೂ ಕೇಳಲಿಲ್ಲ.

ಭಾನುವಾರದ ಸಭೆಯಲ್ಲಿ ಅರಿಗರು ಹನ್ನೊಂದನೇ ಕಲಮನ್ನು ತಾವೇ ಓದಿ ರಾಜೀನಾಮೆ ಕೊಟ್ಟರು. ಕಲಂ ತಿದ್ದುವ ಎಂದು ನಾಲ್ಕೈದು ಜನ ಹೇಳಿದರು. ಬೇಡ, ಬೇಕಾದರೆ ಕಾಯಿಲೆಯವರ ವಿನಾಯಿತಿಯ ಕಲಂ ಸೇರಿಸಿ ಎಂದರು. ಸೇರಿಸಿದರು. ಮೊಕ್ತೇಸರನಾಗಿ ಜಯೇಶನ ಆಯ್ಕೆಯಾಯಿತು. ಮರುದಿನ ಬೆಳಿಗ್ಗೆ ಎಂಟೂವರೆಗೆ ಗುಂಪಿನಲ್ಲಿ ಅವನ ಮೊದಲ ಸಂದೇಶ ಬಂತು: ‘ಇಂದು ಸೂರ್ಯಾಸ್ತ ಸುಮಾರು ಆರು ಗಂಟೆ.’ ಸುಮಾರು ಎಂಬ ಶಬ್ದವನ್ನು ಅರಿಗರು ಬಹಳ ಹೊತ್ತು ನೋಡಿದರು. ಉತ್ತರ ಬರೆದರು, ಅಳಿಸಿದರು.

ಆ ಸಂಜೆಯೇ ಸೇವೆಯ ಮೊದಲ ದಿನ. ಅರಿಗರು ಐದಕ್ಕೆ ಮನೆಯಲ್ಲಿ ಊಟ ಮುಗಿಸಿ, ಆರು ಇಪ್ಪತ್ತಕ್ಕೆ ಆಸ್ಪತ್ರೆಗೆ ಬಂದು ರಿಜಿಸ್ಟರಿನಲ್ಲಿ ಸಹಿ ಹಾಕಿದರು. ಗಂಡಸರ ವಾರ್ಡಿನ ಆಯಾ ಸರಸ ಅವರ ಕೈಗೊಂದು ಸೌಟು ಕೊಟ್ಟು, ಗಂಜಿಯ ಪಾತ್ರೆಯ ಇನ್ನೊಂದು ಕಿವಿ ಹಿಡಿಯಿರಿ ಎಂದಳು. ಇಬ್ಬರೂ ಮಂಚದಿಂದ ಮಂಚಕ್ಕೆ ಹೋದರು. ಗಂಟೆ ಆರು ಐವತ್ತಾಗಿತ್ತು. ಒಂದು ವಾರ್ಡಿನಷ್ಟು ಜನ ನಿಶ್ಚಿಂತೆಯಿಂದ ಉಣ್ಣುತ್ತಿದ್ದರು.

ನಾಲ್ಕನೇ ಮಂಚ ಆದ ಮೇಲೆ ಸರಸ, ಕೋರ್ಟಿನವರು ಕಳಿಸಿದ್ದಂತಲ್ಲ, ಏನು ಮಾಡಿದ್ದು ನೀವು ಎಂದು ಕೇಳಿದಳು.

“ಗೋಡಂಬಿ ಕದ್ದು ತಿಂದೆ,” ಎಂದರು ಅರಿಗರು. “ಆರು ನಲವತ್ತೊಂದಕ್ಕೆ.”

“ಗಂಟೆ ಯಾಕೆ ಮಾರಾಯ್ರೆ? ಹಸಿವಾಗಿತ್ತಾ ಇಲ್ವಾ?”

“ಆಗಿತ್ತು.”

“ಮತ್ತೆ,” ಎಂದಳು ಸರಸ, ಪಾತ್ರೆ ಎತ್ತಿ. “ಆಚೆ ಹಿಡಿಯಿರಿ. ಐದನೇ ಬೆಡ್ಡಿನವರಿಗೆ ಉಪ್ಪಿಲ್ಲದ್ದು, ಬೇರೆ ಪಾತ್ರೆಯಿಂದ ಹಾಕಬೇಕು.”